ಎರಡನೆಯ ಈಡು

ಅತ್ತೆಯನ್ನು ಎಡಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಕೊಟ್ಟ ದಿಂಬು ಜಾರದ ಹಾಗೆ ಮೊಣಕಾಲಿನಿಂದ ತಡೆದುಕೊಂಡು, ನೀಲಾವತಿ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿದಳು. ಸೊಂಟದ ಕೆಳಗೆ ಚರ್ಮ ಕೆಂಪಾಗಿತ್ತು. ನಿನ್ನೆಗಿಂತ ಹೆಚ್ಚೋ ಕಡಿಮೆಯೋ ತಿಳಿಯಲಿಲ್ಲ. ಮೆಲ್ಲಗೆ ಒರೆಸಿ, ಒಣಗಲು ಬಿಟ್ಟು, ಕೊಬ್ಬರಿ ಎಣ್ಣೆಯ ಬಟ್ಟಲಿಗೆ ಕೈ ಚಾಚಿದಳು.

"ಎಣ್ಣೆ ತಣ್ಣಗಿದೆ" ಎಂದರು ಬೊಳ್ಳಮ್ಮ, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ಇನ್ನೂ ಹಚ್ಚೇ ಇಲ್ಲ ಅತ್ತೆ."

"ಹಚ್ಚಿದರೆ ತಣ್ಣಗಿರ್ತದೆ ಅಂತ ಹೇಳಿದ್ದು."

ನೀಲಾವತಿ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಳಿಸಿ ಕಾದಳು. ಮಳೆಗಾಲದಲ್ಲಿ ಬಚ್ಚಲಿನ ಕಲ್ಲಿನ ಮೇಲೆ ಜಾರಿ ಬಿದ್ದಂದಿನಿಂದ ಅತ್ತೆ ಮಂಚ ಬಿಟ್ಟು ಎದ್ದಿಲ್ಲ. ಈ ವಯಸ್ಸಿಗೆ ಸೊಂಟದ ಮೂಳೆ ಕೂಡುವುದಿಲ್ಲ, ಚೆನ್ನಾಗಿ ನೋಡಿಕೊಳ್ಳಿ ಎಂದಿದ್ದರು ಮಡಿಕೇರಿಯ ಡಾಕ್ಟರು. ನೋಡಿಕೊಳ್ಳುವುದು ಎಂದರೆ ಏನೆಂದು ಡಾಕ್ಟರು ಬಿಡಿಸಿ ಹೇಳಿರಲಿಲ್ಲ. ಮಗ್ಗುಲು ಬದಲಿಸುವುದು, ಒರೆಸುವುದು, ಬೇಸಿನ್ ಇಡುವುದು, ತೆಗೆಯುವುದು, ಒಗೆಯುವುದು. ಅದರ ನಡುವೆ ಅಡಿಗೆ, ದನ, ಹಿತ್ತಿಲು. ಎಲ್ಲದರ ಮೇಲೂ ಆ ಕೂಗು. ನೀಲಾ, ನೀಲಾ, ನೀಲಾ. ಒಮ್ಮೆ ಕರೆದು ಸುಮ್ಮನಾಗುವ ಅಭ್ಯಾಸ ಅತ್ತೆಗೆ ಇರಲಿಲ್ಲ. ಹೋಗಿ ಎದುರು ನಿಲ್ಲುವವರೆಗೂ ಕರೆಯುತ್ತಿದ್ದರು.

ಎಣ್ಣೆ ಹಚ್ಚಿ, ಸೀರೆ ಸರಿಮಾಡಿ, ಪಾತ್ರೆ ಎತ್ತಿಕೊಂಡು ಹಿತ್ತಿಲಿಗೆ ಬಂದಳು. ನೀರು ಚೆಲ್ಲುವಾಗ ಮನಸ್ಸಿನಲ್ಲಿ ಒಂದು ಮಾತು ಹಾದುಹೋಯಿತು. ಇದು ಯಾವತ್ತು ಮುಗಿಯುತ್ತದೆ? ಇತ್ತೀಚೆಗೆ ಆ ಮಾತು ಬಂದರೆ ಅವಳಿಗೆ ಬೆಚ್ಚಿಬೀಳುವ ಹಾಗೆ ಆಗುತ್ತಿರಲಿಲ್ಲ.

ಕಾಫಿ ಕುಯ್ಲಿನ ಕಾಲ. ಆಳುಗಳೆಲ್ಲ ಹೊಳೆ ಬದಿಯ ತೋಟದಲ್ಲಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ದೇವರಾಜುವೂ ಅಲ್ಲೇ. ಕಣದಲ್ಲಿ ಕೂತು ಒಣಗುವ ಕಾಫಿಗೆ ಕೈಯಾಡಿಸುತ್ತ ಕಾವಲಿರುತ್ತಿದ್ದ ಕೆಂಚಿಯನ್ನೂ ಆಳು ಸಾಲದೆಂದು ಆ ದಿನ ಹಣ್ಣು ಕೀಳುವ ಪಿಕಿಂಗಿಗೆ ಕಳಿಸಿದ್ದರು. ಗಂಡ ದೇರಪ್ಪ ಬೆಳಿಗ್ಗೆಯೇ ಅಮ್ಮತ್ತಿಯ ಸಂತೆಗೆ ಹೋಗಿದ್ದ. ಹೊರಡುವಾಗ ಬಾಗಿಲ ಹಿಂದಿನ ಮೂಲೆಯನ್ನು ಕಣ್ಣಲ್ಲೇ ತೋರಿಸಿ, "ಅದು ಅಲ್ಲೇ ಉಂಟು. ಎರಡೂ ತುಂಬಿದೆ" ಎಂದಿದ್ದ.

ಅದು ಜೋಡುನಳಿಗೆಯ ಹಳೆಯ ಕೋವಿ. ಮಾವ ಬೋಜಪ್ಪನವರು ಇದ್ದಾಗ ಅದಕ್ಕೆ ಗೋಡೆಯ ಮೇಲೆ ಜಾಗವಿತ್ತು. ಖಾಲಿ ಕೋವಿ ಗೋಡೆಯಲ್ಲಿ, ತೋಟಾಗಳು ಒಳಕೋಣೆಯ ಪೆಟ್ಟಿಗೆಯಲ್ಲಿ. ನೀಲಾವತಿ ಮದುವೆಯಾಗಿ ಬಂದ ವರ್ಷ ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಮರುದಿನ ಮಾವ ಅವಳನ್ನು ಅಂಗಳಕ್ಕೆ ಕರೆದು ಕೋವಿ ಕೈಗೆ ಕೊಟ್ಟಿದ್ದರು. "ಹೂವಿಟ್ಟು ಪೂಜೆ ಮಾಡಿದರೆ ಸಾಲದು ಮಗಳೇ, ಗುಣ ತಿಳಿದಿರಬೇಕು. ಮನೆಯಲ್ಲಿ ಇರುವವಳು ನೀನು." ನಳಿಗೆಯ ಬುಡದಲ್ಲಿ ತೋಟಾಕ್ಕೆ ಬಡಿಯುವ ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದು ಕೂರಿಸದೆ ಟ್ರಿಗರ್ ಒತ್ತಿದರೆ ಏನೂ ಆಗುವುದಿಲ್ಲ ಎಂದು ತೋರಿಸಿದ್ದರು. ನಳಿಗೆಗೆ ಒಂದರಂತೆ ಎರಡು ಕುದುರೆ, ಎರಡು ಟ್ರಿಗರ್. "ಮನೆ ಕಾಯುವುದಕ್ಕೆ ಒಂದು ಈಡು ಸಾಕು. ಆಕಾಶಕ್ಕೆ. ಕಳ್ಳನಿಗೂ ಆನೆಗೂ ಅಷ್ಟೇ. ಎರಡು ಹೊಡೆದರೆ ಮಾತ್ರ ಊರಿಗೇ ಬೇರೆ ಸುದ್ದಿ ಹೋಗ್ತದೆ, ಗೊತ್ತಲ್ಲ?"

ಗೊತ್ತಿಲ್ಲದವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ. ಗಂಡುಮಗು ಹುಟ್ಟಿದರೆ ಒಂದು ಈಡು. ಮನೆಯಲ್ಲಿ ಸಾವಾದರೆ ಎರಡು, ಒಂದರ ಹಿಂದೆ ಒಂದು. ಎರಡು ಕೇಳಿಸಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎಲ್ಲರೂ ಹೊರಡುತ್ತಾರೆ.

ಆದರೆ ಈ ವರ್ಷ ಅಲ್ಲಲ್ಲಿ ಕಣದಿಂದಲೇ ಕಾಫಿ ಕಳವಾಗತೊಡಗಿದ ಮೇಲೆ ದೇರಪ್ಪ ಅಪ್ಪನ ಕ್ರಮ ಬಿಟ್ಟಿದ್ದ. ಕಳ್ಳ ಬಂದಾಗ ಪೆಟ್ಟಿಗೆ ತೆಗೆದು ಹುಡುಕುತ್ತ ಕೂರಲಿಕ್ಕಾಗುತ್ತದಾ ಎಂದು ಕೋವಿಯನ್ನು ತುಂಬಿ ಬಾಗಿಲ ಹಿಂದೆ ನಿಲ್ಲಿಸಿದ್ದ. ಗುಡಿಸುವಾಗ ನೀಲಾವತಿ ಅದನ್ನು ಮುಟ್ಟದೆ ಸುತ್ತ ಗುಡಿಸುತ್ತಿದ್ದಳು.

ಅಕ್ಕಿ ಸೋಸುತ್ತಿದ್ದಾಗ ಕಣದ ಕಡೆಯಿಂದ ಸರಸರ ಸದ್ದು ಬಂತು. ಒಣಗಿದ ಕಾಫಿಯನ್ನು ಬಳಿಯುವ ಸದ್ದು. ಕೆಂಚಿ ಬಂದಳೇನೋ ಎಂದುಕೊಂಡು ಜಗಲಿಗೆ ಬಂದಳು. ಇಬ್ಬರು ಗಂಡಸರು, ಹಾಡಹಗಲಿನಲ್ಲಿ, ಗೋಣಿಚೀಲಕ್ಕೆ ಕಾಫಿ ತುಂಬುತ್ತಿದ್ದರು. ಒಬ್ಬ ಖಾಕಿ ಚಡ್ಡಿಯವನು, ಇನ್ನೊಬ್ಬ ತಲೆಗೆ ಟವೆಲು ಸುತ್ತಿದವನು. ಇಬ್ಬರನ್ನೂ ಅವಳು ಎಲ್ಲೂ ನೋಡಿದವಳಲ್ಲ.

"ಯಾರದು? ಏನು ಮಾಡ್ತಾ ಇದ್ದೀರಿ?"

ಖಾಕಿಯವನು ತಲೆಯೆತ್ತಿ ನೋಡಿ ನಕ್ಕ. "ಸಾಹುಕಾರ್ರು ತುಂಬಿಸ್ಲಿಕ್ಕೆ ಹೇಳಿದ್ರಮ್ಮ."

"ಯಾವ ಸಾಹುಕಾರ್ರು? ಚೀಲ ಕೆಳಗಿಡಿ."

"ಗಂಡಸರು ಯಾರೂ ಇಲ್ವಾ ಮನೇಲಿ?" ಎಂದ ಅವನು. ಕೇಳುತ್ತಲೇ ಜಗಲಿಯ ಮೆಟ್ಟಿಲ ಕಡೆ ನಡೆದು ಬಂದ. "ಇಲ್ಲ ಅಂತ ಕಾಣ್ತದೆ ಕಣೋ."

ನೀಲಾವತಿ ಒಳಗೆ ಹೋಗಿ ಕೋವಿ ತೆಗೆದುಕೊಂಡು ಬಂದಳು. ಬಲಗಡೆಯ ಕುದುರೆಯನ್ನು ಎಳೆದು ಕೂರಿಸಿದಳು. ಖಾಕಿಯವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ಅಲ್ಲೇ ನಿಂತ. ಕೋವಿಯ ಬಾಯಿಯನ್ನು ಹಲಸಿನ ಮರದ ಮೇಲಿನ ಆಕಾಶಕ್ಕೆ ಎತ್ತಿ ಹೊಡೆದಳು.

ಇಬ್ಬರೂ ಚೀಲ ಬಿಟ್ಟು ಓಡಿದರು. ಟವೆಲಿನವನು ಬೇಲಿ ಹಾರುವಾಗ ಬಿದ್ದು, ಎದ್ದು, ಕುಂಟುತ್ತ ಕಾಫಿ ಗಿಡಗಳ ನಡುವೆ ಮರೆಯಾದ. ಕಾಗೆಗಳು ಕೂಗಿ ಕೂಗಿ ಸುಮ್ಮನಾದವು. ಎಲ್ಲ ಮುಗಿದಿತ್ತು. ಮಾವ ಕಲಿಸಿದ ಹಾಗೆಯೇ ನಡೆದಿತ್ತು.

ಆಗ ಒಳಗಿನಿಂದ ಕೂಗು ಬಂತು.

"ನೀಲಾ... ನೀಲಾ... ಏ ನೀಲಾ..."

ಕಳ್ಳ ಬಂದು ಹೋದರೂ, ತಾನು ಕೋವಿ ಹಿಡಿದು ನಿಂತಿದ್ದರೂ ಅದೇ ಕೂಗು, ಅದೇ ರಾಗ. ಅವಳ ಹೆಬ್ಬೆರಳು ಎಡಗಡೆಯ ಕುದುರೆಯ ಮೇಲೆ ಹೋಯಿತು. ಎಳೆಯಿತು. ಕುದುರೆ ಟಕ್ಕೆಂದು ಕೂತಿತು. ಅವಳು ಆಕಾಶ ನೋಡುತ್ತ ಎರಡನೆಯ ಟ್ರಿಗರ್ ಒತ್ತಿದಳು.

ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಇತ್ತು.

ಕೂಗು ನಿಂತಿತು.

ಮೊದಲು ಬಂದವರು ಪಕ್ಕದ ತೋಟದ ಪೂವಯ್ಯನವರು. ಬಿಳಿ ಪಂಚೆ ಉಟ್ಟು, ತಲೆಗೆ ಬಿಳಿ ಬಟ್ಟೆ ಸುತ್ತಿಕೊಂಡು, ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು. ಅವರ ಹಿಂದೆ ಅವರ ಮನೆಯ ಹೆಂಗಸರು, ಸೆರಗು ಬಾಯಿಗೆ ಒತ್ತಿಕೊಂಡು. ಹೊಳೆ ಬದಿಯಿಂದ ಆಳುಗಳು ಬುಟ್ಟಿಯನ್ನು ಬೆನ್ನಿನಿಂದ ಇಳಿಸದೆಯೇ ಓಡಿ ಬಂದರು. ಅಂಗಳದಲ್ಲಿ ಕೆಂಚಿ ಎದೆ ಬಡಿದುಕೊಂಡು ಅಳಲು ತೊಡಗಿದಳು. "ಅಯ್ಯೋ ದೊಡ್ಡವ್ವಾ, ನಿನ್ನೆ ತಾನೇ ನನ್ನ ಬೈದಿದ್ದಿಯಲ್ಲಾ!"

ನೀಲಾವತಿ ಜಗಲಿಯ ಕಂಬ ಹಿಡಿದುಕೊಂಡು ನಿಂತಿದ್ದಳು. "ಇಲ್ಲ, ಏನೂ ಆಗಿಲ್ಲ, ಅತ್ತೆ ಇದ್ದಾರೆ" ಎಂದು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಒಳಗಿನಿಂದ ಬೊಳ್ಳಮ್ಮನ ದನಿ ಬಂತು. "ಯಾರು ಸತ್ತದ್ದು?"

ಅಳು ಕತ್ತರಿಸಿದ ಹಾಗೆ ನಿಂತಿತು. ಪೂವಯ್ಯನವರು ತಲೆಯ ಬಟ್ಟೆ ಬಿಚ್ಚುತ್ತ ಕೋಣೆಯ ಬಾಗಿಲಿಗೆ ಹೋಗಿ ಇಣುಕಿದರು.

"ಬೊಳ್ಳಕ್ಕ! ಇದ್ದೀಯಾ?"

"ನೀನು ಬಂದ ವೇಷ ನೋಡಿದರೆ ಇಲ್ಲ ಅಂತ ಕಾಣ್ತದೆ."

"ಅಲ್ಲ ಮಾರಾಯ್ತಿ, ಸೌದೆಗೆ ಯಾವ ಮಾವಿನಮರ ಕಡಿಸೋದು ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದೆ ನಾನು."

"ಗೇಟಿನ ಹತ್ತಿರದ ಹುಳಿ ಮಾವಿನದ್ದಾ? ಅದು ನನಗೆ ಬೇಡ. ಸಿಹಿದು ಕಡಿಸು."

ಜನ ನಕ್ಕರು. ಅಳುತ್ತಿದ್ದವರೇ ಹೆಚ್ಚು ನಕ್ಕರು. ನೀಲಾವತಿ ಕಳ್ಳರ ಸುದ್ದಿ ಹೇಳಿದಳು, ಬಿಟ್ಟು ಹೋದ ಚೀಲ ತೋರಿಸಿದಳು. ಎಲ್ಲರಿಗೂ ಕಾಫಿಗೆ ನೀರಿಟ್ಟಳು. ಜಗಲಿಯಲ್ಲಿ ಮಾತು ಜೋರಾಯಿತು.

"ಕೊಡಗು ಮೈಸೂರಿಗೆ ಸೇರಿದ ಮೇಲೆ ನೋಡಿ, ಕಳ್ಳರಿಗೆ ಹಗಲು ರಾತ್ರಿ ವ್ಯತ್ಯಾಸವೇ ಇಲ್ಲ" ಎಂದರು ಪೂವಯ್ಯ. "ಬೆಂಗಳೂರಿನವರು ನಾಳೆ ನಮ್ಮ ಕೋವಿಗೂ ಲೈಸೆನ್ಸ್ ಕೇಳ್ತಾರಂತೆ. ನಾವು ಹೀಗೆ ಬದುಕಿದ್ದವರಿಗೆಲ್ಲ ಈಡು ಹೊಡೆದರೆ ಕೇಳದೆ ಬಿಡ್ತಾರಾ? ಇನ್ನೊಂದು ಒಂಟಿ ಈಡು ಹೊಡೆದುಬಿಡು ನೀಲಾ. ಬೊಳ್ಳಕ್ಕ ಮತ್ತೆ ಹುಟ್ಟಿದಳು ಅಂತ ತಿಳಿದು ಮನೆಗೆ ಹೋಗ್ತೇವೆ."

"ಒಂಟಿ ಈಡು ಗಂಡಿಗೆ ಮಾವ" ಎಂದಳು ಯಾರೋ ಸೊಸೆ.

"ಈ ಅಕ್ಕ ಯಾವ ಗಂಡಿಗೆ ಕಡಿಮೆ?"

ನಗು ಇಳಿದ ಮೇಲೆ ಪೂವಯ್ಯನವರು ಕೋವಿಯನ್ನು ಕೈಗೆತ್ತಿಕೊಂಡರು. ಮಡಚಿ, ಎರಡೂ ಖಾಲಿ ತೋಟಾ ಹೊರತೆಗೆದು, ನಳಿಗೆಯೊಳಗೆ ಕಣ್ಣಿಟ್ಟು ನೋಡಿದರು. ಆಮೇಲೆ ಎರಡು ಕುದುರೆಗಳ ಮೇಲೂ ಬೆರಳಾಡಿಸಿದರು.

"ಎರಡನ್ನೂ ಒಟ್ಟಿಗೆ ಎಳೆದಿದ್ದೆಯಾ?"

ಕಾಫಿಯ ಲೋಟಗಳ ತಟ್ಟೆ ಹಿಡಿದಿದ್ದ ನೀಲಾವತಿ ಹೇಳಿದಳು, "ಹೌದು ಮಾವ. ಹೆದರಿಕೆಯಲ್ಲಿ. ಬೆರಳು ಜಾರಿತು."

"ಹಾಗೇ ಇರಬೇಕು. ಅದಕ್ಕೇ ಹೆಂಗಸರ ಕೈಗೆ ಎರಡು ತುಂಬಿ ಕೊಡಬಾರದು" ಎಂದು ಅವರು ಲೋಟ ತೆಗೆದುಕೊಂಡರು. ಮಾತು ಮುಗಿಯಿತು. ಸುಳ್ಳು ಇಷ್ಟು ಸುಲಭ ಎಂದು ಅವಳು ತಿಳಿದಿರಲಿಲ್ಲ.

ದೇರಪ್ಪನಿಗೆ ದಾರಿಯಲ್ಲೇ ಯಾರೋ ಹೇಳಿದ್ದರು, ನಿಮ್ಮ ಮನೆ ಕಡೆ ಎರಡು ಈಡು ಕೇಳಿಸಿತು ಎಂದು. ಸಂತೆಯ ಸಾಮಾನನ್ನೆಲ್ಲ ಯಾರದೋ ಅಂಗಡಿಯಲ್ಲಿ ಬಿಟ್ಟು ಬಂದಿದ್ದ. ಅವ್ವನ ಮಂಚದ ಪಕ್ಕ ಕೂತು ಬಹಳ ಹೊತ್ತು ಅವಳ ಕೈ ಹಿಡಿದುಕೊಂಡಿದ್ದ. ಆಮೇಲೆ ಅಡಿಗೆಮನೆಗೆ ಬಂದು ಹೊಸ್ತಿಲ ಮೇಲೆ ಕೂತ.

"ತಪ್ಪು ನನ್ನದು ನೀಲಾ. ಅಪ್ಪ ಇದ್ದಿದ್ದರೆ ನನ್ನ ಕೆನ್ನೆಗೆ ಹೊಡೀತಿದ್ದರು. ತುಂಬಿದ ಕೋವಿಯನ್ನು ಬಾಗಿಲ ಹಿಂದೆ ಇಡ್ತಾರಾ ಯಾರಾದರೂ? ನಿನ್ನ ಬೆರಳು ಇನ್ನೊಂದು ಕಡೆ ಜಾರಿದ್ದರೆ? ಆ ಮನುಷ್ಯನಿಗೇ ತಗುಲಿದ್ದರೆ? ನಿನಗೇ ಆಗಿದ್ದರೆ?"

ಅವಳು ಒಲೆಯ ಕಡೆ ತಿರುಗಿದಳು. ಹೇಳಬೇಕೆನ್ನಿಸಿತು. ಬಾಯಿ ತೆರೆದರೆ ಬಂದದ್ದು, "ಕೈ ಕಾಲು ತೊಳೆದು ಬನ್ನಿ, ಊಟಕ್ಕೆ ಹಾಕ್ತೇನೆ" ಎಂದು.

ಮರುದಿನವೇ ಅವನು ಗೋಡೆಯ ಮೊಳೆಗಳನ್ನು ಗಟ್ಟಿ ಮಾಡಿ ಖಾಲಿ ಕೋವಿಯನ್ನು ಹಳೆಯ ಜಾಗದಲ್ಲಿ ತೂಗುಹಾಕಿದ. ತೋಟಾಗಳನ್ನು ಒಳಕೋಣೆಯ ಪೆಟ್ಟಿಗೆಗೆ ಹಾಕಿ ಬೀಗ ಜಡಿದ. ಬೀಗದ ಕೈಯನ್ನು ಹೆಂಡತಿಗೆ ಕೊಟ್ಟ. "ಮನೆಯಲ್ಲಿ ಇರುವವಳು ನೀನು. ನಿನ್ನ ಹತ್ತಿರ ಇದ್ದರೆ ನನಗೆ ಧೈರ್ಯ." ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಗ್ಗಿದಾಗಲೆಲ್ಲ ಹೊಟ್ಟೆಗೆ ಒತ್ತುತ್ತಿತ್ತು.

ಆದರೆ ಬದಲಾದದ್ದು ಅತ್ತೆ.

ಬೊಳ್ಳಮ್ಮ ಕರೆಯುವುದನ್ನು ಬಿಟ್ಟರು. ಮೊದಲು ನೀಲಾವತಿಗೆ ಅದು ತಿಳಿಯಲೇ ಇಲ್ಲ. ಹಿತ್ತಿಲಿನಲ್ಲಿ ಬಸಳೆ ಕೀಳುತ್ತ ಎಷ್ಟೋ ಹೊತ್ತು ಕಳೆದ ಮೇಲೆ, ಏನೋ ಕಡಿಮೆಯಾಗಿದೆಯಲ್ಲ ಎನ್ನಿಸಿ ಒಳಗೆ ಓಡಿದಳು. ಅತ್ತೆ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತ ಮಲಗಿದ್ದರು. ಹಾಸಿಗೆ ಪೂರ್ತಿ ಒದ್ದೆಯಾಗಿ ತಣ್ಣಗಾಗಿತ್ತು.

"ಯಾಕೆ ಅತ್ತೆ, ಕರೆಯಬಾರದಿತ್ತಾ?"

"ನಿನಗೆ ಕೆಲಸ ಇತ್ತು."

ಆಮೇಲೆ ನೀರು ಕುಡಿಯುವುದು ಕಡಿಮೆಯಾಯಿತು. ಗಂಜಿ ಕೊಟ್ಟರೆ ಅರ್ಧ ಬಟ್ಟಲಿಗೆ ಕೈ ಅಡ್ಡ ಮಾಡುತ್ತಿದ್ದರು. "ಒಳಗೆ ಹೋದದ್ದು ಹೊರಗೆ ಬರಬೇಕಲ್ಲ" ಎಂದು ನಕ್ಕರು ಒಮ್ಮೆ. ತುಟಿ ಒಣಗಿ ಬಿರಿದಿತ್ತು. ಎಣ್ಣೆ ತಣ್ಣಗಿದ್ದರೂ ತಣ್ಣಗಿದೆ ಎನ್ನಲಿಲ್ಲ. ಮನೆಯಲ್ಲಿ ಇಷ್ಟು ದಿನ ಅವಳು ಬೇಡಿಕೊಂಡಿದ್ದ ಮೌನ ಬಂದಿತ್ತು. ಅದನ್ನು ಕೇಳಿಸಿಕೊಂಡು ಕೆಲಸ ಮಾಡುವುದು ಅವಳಿಂದ ಆಗುತ್ತಿರಲಿಲ್ಲ. ಅಕ್ಕಿ ಸೋಸುತ್ತಿದ್ದವಳು ಎದ್ದು ಹೋಗಿ ಬಾಗಿಲಲ್ಲಿ ನಿಂತು, ಹೊದಿಕೆ ಉಸಿರಿಗೆ ಏರುತ್ತಿದೆಯೇ ಎಂದು ನೋಡಿ ಬರುತ್ತಿದ್ದಳು.

ಬೊಳ್ಳಮ್ಮನ ಮಗಳು ಪೊನ್ನಮ್ಮ ಬಿಟ್ಟಂಗಾಲದ ಗಂಡನ ಮನೆಯಿಂದ ಬಂದಳು. ಅವಳಿಗೆ ಎರಡು ಈಡಿನ ಸುದ್ದಿ ಮೊದಲು ತಲುಪಿ, ಸುಳ್ಳು ಎನ್ನುವ ಸುದ್ದಿ ಆಮೇಲೆ ತಲುಪಿತ್ತು. ಆ ನಡುವಿನ ಹೊತ್ತಿನಲ್ಲಿ ಅತ್ತಿದ್ದೆಲ್ಲ ಈಗ ಕೋಪವಾಗಿತ್ತು.

"ಅತ್ತಿಗೆ, ನನ್ನ ಅತ್ತೆ ಮನೆಯವರು ಹಾರಕ್ಕೆ ಹೂವು ಕೊಯ್ಯಿಸಿದ್ದರು, ಗೊತ್ತುಂಟಾ? ಸೇವಂತಿಗೆ ಪೂರ್ತಿ ಬೋಳು." ಅವ್ವನ ಕೈ ಕಾಲು ಮುಟ್ಟಿ ನೋಡಿದಳು. "ಎಷ್ಟು ಇಳಿದು ಹೋಗಿದ್ದೀಯ ಅವ್ವ! ಅಣ್ಣಾ, ನಾನು ಕರಕೊಂಡು ಹೋಗ್ತೇನೆ. ಇಲ್ಲಿ ಅತ್ತಿಗೆ ಒಬ್ಬಳು. ಅಲ್ಲಿ ನಾವು ಮೂರು ಜನ ಹೆಂಗಸರು ಇದ್ದೇವೆ. ಮಂಗಳವಾರ ಜೀಪು ಕಳಿಸ್ತೇನೆ, ಹಾಸಿಗೆ ಹಾಕಿಸಿ."

ದೇರಪ್ಪ ಹೆಂಡತಿಯ ಮುಖ ನೋಡಿದ. ಅವಳು ಗಂಜಿಯ ಬಟ್ಟಲು ಎತ್ತಿಕೊಂಡಳು. ಅವನು ಅವ್ವನ ಕಡೆ ತಿರುಗಿದ. ತಾನು ಸೊಸೆಯಾಗಿ ಬಂದ ಮನೆ, ಗಂಡನ ಸಮಾಧಿ ಇರುವ ತೋಟ, ಇಲ್ಲಿಂದ ತನ್ನನ್ನು ಎತ್ತಿದರೆ ಕಡೆಗೇ ಎತ್ತಬೇಕು ಎಂದು ನೂರು ಸಲ ಹೇಳಿದ್ದ ಬೊಳ್ಳಮ್ಮ ಹೇಳಿದರು, "ಹೋಗ್ತೇನೆ. ಅಲ್ಲಿ ಗಾಳಿ ಚೆನ್ನಾಗಿದೆ."

ಯಾವ ಗಾಳಿ? ಎರಡೂ ಊರಿಗೆ ಬೀಸುವುದು ಅದೇ ಗಾಳಿ.

ಮಂಗಳವಾರ ಬೆಳಿಗ್ಗೆ ದೇರಪ್ಪ ಕಣದಲ್ಲಿ ಕಾಫಿ ಹರಡಿಸುತ್ತಿದ್ದ. ನೀಲಾವತಿ ಅತ್ತೆಯ ಕೋಣೆಯಲ್ಲಿ ಟ್ರಂಕು ತೆರೆದಿಟ್ಟು, ಅಡ್ಡಗೋಲಿನ ಮೇಲಿದ್ದ ಸೀರೆಗಳನ್ನು ಮಡಚಿ ತುಂಬುತ್ತಿದ್ದಳು. ಕೆಲಸ ಬೇಗ ಬೇಗ ಸಾಗುತ್ತಿತ್ತು. ಇಂದು ರಾತ್ರಿ ಎಚ್ಚರವಿಲ್ಲದೆ ಮಲಗಬಹುದು ಎನ್ನುವ ಯೋಚನೆ ತಾನಾಗಿಯೇ ಬಂತು, ದೇಹ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯಾಯಿತು.

"ನೀಲಾ" ಎಂದರು ಅತ್ತೆ.

ಎಷ್ಟೋ ದಿನಗಳ ಮೇಲೆ ಕೇಳಿದ ತನ್ನ ಹೆಸರಿಗೆ ಅವಳು ಸೀರೆ ಹಿಡಿದುಕೊಂಡೇ ಎದ್ದು ಬಂದಳು.

"ಕೋವಿಯನ್ನು ಗೋಡೆಗೆ ಹಾಕಿದನಾ?"

"ಹಾಕಿದ್ದಾರೆ. ತೋಟಾ ಪೆಟ್ಟಿಗೆಯಲ್ಲಿದೆ."

"ಒಳ್ಳೆದಾಯ್ತು. ನಾನು ಹೋದ ಮೇಲೆ ಹಗಲು ನೀನೊಬ್ಬಳೇ. ಕಳ್ಳ ಬಂದರೆ ಹೆದರಬೇಡ, ಕೋವಿ ಎತ್ತು. ಆದರೆ ಒಂದೇ ತುಂಬು. ನಿನ್ನ ಮಾವ ಹೇಳ್ತಿದ್ದ ಹಾಗೆ."

"ಹೂಂ."

ಬೊಳ್ಳಮ್ಮ ಹೊದಿಕೆಯ ಅಂಚನ್ನು ಎದೆಯವರೆಗೆ ಎಳೆದುಕೊಂಡರು. "ನಿನ್ನ ಮಾವನ ಜೊತೆ ನಲವತ್ತು ವರ್ಷ ಬಾಳಿದವಳು ನಾನು. ಆ ಕೋವಿಯ ಸದ್ದೆಲ್ಲ ನನಗೆ ಗೊತ್ತು. ಮೊದಲು ಒಂದು ಈಡು. ನಾನು ನಿನ್ನ ಕರೆದೆ. ಆಮೇಲೆ ಟಕ್ ಅಂತ ಕುದುರೆ ಕೂತಿತು. ಆಮೇಲೆ ಇನ್ನೊಂದು ಈಡು. ನನ್ನ ಸೊಂಟ ಮಾತ್ರ ಹೋದದ್ದು ನೀಲಾ. ಕಿವಿ ಹೋಗಿಲ್ಲ."

ನೀಲಾವತಿಯ ಕೈಯಲ್ಲಿದ್ದ ಸೀರೆಯ ಮಡಿಕೆ ಬಿಚ್ಚಿಕೊಂಡು ನೆಲಕ್ಕೆ ಇಳಿಯಿತು.

"ಅತ್ತೆ..."

"ಅಳಬೇಡ. ದೇರಪ್ಪನಿಗೆ ಹೇಳಿಲ್ಲ. ಪೊನ್ನಮ್ಮನಿಗೆ ಮೊದಲೇ ಇಲ್ಲ, ಅವಳ ಬಾಯಿ ನನಗೆ ಗೊತ್ತಿಲ್ವಾ? ನನ್ನ ಅತ್ತೆ ಇದೇ ಮಂಚದಲ್ಲಿ ಮಲಗಿದ್ದಾಗ ನನಗೂ ಒಂದೊಂದು ಸಲ..." ಅಲ್ಲಿಗೆ ನಿಲ್ಲಿಸಿದರು. "ಆಗ ಕೋವಿ ನನ್ನ ಕೈಯಲ್ಲಿ ಇರಲಿಲ್ಲ, ಅಷ್ಟೇ. ಹೋಗು, ಜೀಪು ಬರುವ ಹೊತ್ತಾಯ್ತು."

ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಇಡೀ ಮೈಯನ್ನು ಹೊರಳಿಸಲು ಅವರಿಂದ ಆಗುತ್ತಿರಲಿಲ್ಲ, ಕತ್ತು ಮಾತ್ರ ತಿರುಗಿತು.

ನೀಲಾವತಿ ಟ್ರಂಕಿನ ಮುಂದೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು. ಊರಿಗೆಲ್ಲ ಹೇಳಿದ್ದರೂ ಚೆನ್ನಾಗಿತ್ತು, ಕಾಲು ಹಿಡಿದು ಅತ್ತುಬಿಡಬಹುದಿತ್ತು. ಇವರು ಸುಮ್ಮನೆ ಮನೆ ಬಿಟ್ಟು ಹೋಗಲು ಹೊರಟಿದ್ದಾರೆ. ತನ್ನ ದಾರಿಯಿಂದ ಸರಿದು, ಬಾಯಾರಿಕೊಂಡು, ಗಾಳಿಯ ನೆಪ ಹೇಳಿಕೊಂಡು. ಬಿಟ್ಟಂಗಾಲದಲ್ಲಿ ಮೂವರು ಹೆಂಗಸರು ಚೆನ್ನಾಗಿಯೇ ನೋಡಿಕೊಳ್ಳಬಹುದು. ಆದರೆ ಅಲ್ಲಿಂದ ಅವರು ಬದುಕಿ ತಿರುಗಿ ಬರುವುದಿಲ್ಲ. ಅದು ಈ ಮನೆಯ ಮೂವರಿಗೂ ಗೊತ್ತು. ಅವರಿಗೆ, ಮಗನಿಗೆ, ತನಗೆ. ಹಾಗೆ ನೋಡಿದರೆ ಆವತ್ತು ತಾನು ಆಕಾಶಕ್ಕೆ ಹೊಡೆದ ಈಡನ್ನು ಇವತ್ತು ಜೀಪಿನಲ್ಲಿ ಮಲಗಿಸಿ ನಿಜ ಮಾಡಿದ ಹಾಗೆ.

ಇಟ್ಟುಕೊಂಡರೆ ಏನಾಗುತ್ತದೆ ಎನ್ನುವುದನ್ನೂ ಅವಳು ಬಲ್ಲಳು. ನಾಳೆಯೋ ನಾಡಿದ್ದೋ ಮತ್ತೆ ಕೂಗು ಶುರುವಾಗುತ್ತದೆ, ಶುರುವಾಗಲೇಬೇಕು. ಮತ್ತೆ ಸಿಟ್ಟು ಬರುತ್ತದೆ. ಇದು ಯಾವತ್ತು ಮುಗಿಯುತ್ತದೆ ಎನ್ನುವ ಮಾತು ಮತ್ತೆ ಬರುತ್ತದೆ. ತಾನು ಒಳ್ಳೆಯವಳಾಗಿಬಿಟ್ಟೆ ಎಂದು ಅವಳಿಗೆ ಅನ್ನಿಸಲಿಲ್ಲ.

ಕೆಳಗಿನ ರಸ್ತೆಯ ತಿರುವಿನಲ್ಲಿ ಜೀಪು ಗೇರು ಬದಲಿಸಿದ ಸದ್ದು ಕೇಳಿಸಿತು. ಕಣದಿಂದ ದೇರಪ್ಪ, "ನೀಲಾ, ಬಂತು ಅಂತ ಕಾಣ್ತದೆ. ಎಲ್ಲ ತಯಾರಾ?" ಎಂದು ಕೂಗಿದ.

ಅವಳು ಟ್ರಂಕಿನಿಂದ ಸೀರೆಗಳನ್ನು ಒಂದೊಂದಾಗಿ ಹೊರತೆಗೆದು ಅಡ್ಡಗೋಲಿನ ಮೇಲೆ ಹರವಿದಳು. ಕೇಳಿದರೆ ಜೀಪಿನ ಕುಲುಕಾಟಕ್ಕೆ ಅತ್ತೆಯ ಸೊಂಟ ತಡೆಯುವುದಿಲ್ಲ ಎಂದರಾಯಿತು. ಪೊನ್ನಮ್ಮ ಬೈಯಲಿ. ಖಾಲಿಯಾದ ಟ್ರಂಕಿನ ಮುಚ್ಚಳ ಹಾಕಿ ಮಂಚದ ಕೆಳಗೆ ತಳ್ಳಿದಳು. ಆಮೇಲೆ ಅಡಿಗೆಮನೆಗೆ ಹೋಗಿ, ಅತ್ತೆ ಕೇಳದಿದ್ದರೂ, ದೊಡ್ಡ ಲೋಟದ ತುಂಬ ಬೆಚ್ಚಗಿನ ನೀರು ತುಂಬತೊಡಗಿದಳು.